ಹೆಣ್ಣುಮಕ್ಕಳೂ ಶಿಶಿಕ್ಷು ವೃತ್ತಿಯೂ

ಪ್ರೌಢಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ಹೆಣ್ಣುಮಗಳಿರುವ ಮನೆಗಳಲ್ಲೆಲ್ಲಾ ಒಂದೇ ಪ್ರಶ್ನೆಯು ಏಳುವುದು: ಇನ್ನು ಮುಂದೇನು? ಅನುಕೂಲವುಳ್ಳ ತಾಯ್ತಂದೆಗಳು ಮಗಳನ್ನು ಕಾಲೇಜಿಗೆ ಕಳುಹಿಸುವರು. ಅನುಕೂಲವಿಲ್ಲದವರು ಸಾಲಮಾಡಿ ಕಳುಹಿಸುವರು, ಇಲ್ಲವೆ ಮನೆಯಲ್ಲಿ ಕುಳ್ಳಿರಿಸಿ ವರನನ್ನು ಹುಡುಕತೊಡಗುವರು. ಈ ಎರಡು ದಾರಿಗಳ ನಡುವೆ ಮೂರನೆಯದೊಂದಿದೆ. ಅದು ಹೊಸದಲ್ಲ, ಗುಟ್ಟಾದುದೂ ಅಲ್ಲ. ಆದರೂ ನಮ್ಮ ಮನೆಗಳಲ್ಲಿ ಅದರ ಮಾತು ಬರುವುದು ಅಪರೂಪ. ಕೆಲಸ ನಡೆಯುವ ಸ್ಥಳದಲ್ಲಿಯೇ ಕೆಲಸವನ್ನು ಕಲಿಯುತ್ತ, ಕಲಿಯುವ ಕಾಲದಲ್ಲಿಯೂ ತಿಂಗಳು ತಿಂಗಳು ಗೊತ್ತಾದ ವೇತನವನ್ನು ಪಡೆಯುತ್ತ, ಕೊನೆಗೆ ದೇಶದಲ್ಲೆಲ್ಲಾ ಮಾನ್ಯವಾದ ಪ್ರಮಾಣಪತ್ರವನ್ನು ಗಳಿಸುವುದೇ ಆ ದಾರಿ. ಇಂಗ್ಲಿಷಿನಲ್ಲಿ ಅಪ್ರೆಂಟಿಸ್ ಎಂದು ಕರೆಯಲ್ಪಡುವವರಿಗೆ ನಮ್ಮ ಸರ್ಕಾರದ ಕಾಗದಪತ್ರಗಳಲ್ಲಿ ಶಿಶಿಕ್ಷು ಎಂಬ ಹೆಸರಿದೆ. ಕಲಿಯಲಿಚ್ಛಿಸುವವರು ಎಂದು ಅದರ ಅರ್ಥ. ಈ ಪದ್ಧತಿಯು ಏನು, ಅದರಿಂದ ಹೆಣ್ಣುಮಕ್ಕಳಿಗೆ ಆಗುವ ಲಾಭವೇನು, ಎಚ್ಚರಿಕೆಯಿಂದಿರಬೇಕಾದ ಎಡೆಗಳು ಯಾವುವು ಎಂಬುದನ್ನು ಹೆತ್ತವರಿಗೂ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಯಹೇಳುವುದು ಈ ಲೇಖನದ ಉದ್ದೇಶ.

ಒಬ್ಬರ ಕೈಕೆಳಗೆ ಇದ್ದುಕೊಂಡು ಕಸಬನ್ನು ಕಲಿಯುವುದು ನಮ್ಮ ನಾಡಿಗೆ ಬಹು ಪುರಾತನವಾದ ರೂಢಿ. ಅಕ್ಕಸಾಲಿಗನ ಮಗನು ಕುಲುಮೆಯ ಬಳಿಯಲ್ಲಿಯೂ, ಶಿಲ್ಪಿಯ ಮಗನು ಉಳಿಯ ಸದ್ದಿನ ನಡುವೆಯೂ ಬೆಳೆದು ತಂದೆಯ ವಿದ್ಯೆಯನ್ನು ಕೈಗೆ ತಂದುಕೊಳ್ಳುತ್ತಿದ್ದರು. ಹೆಣ್ಣುಮಕ್ಕಳೂ ಹೀಗೆಯೇ ಕಲಿತವರು. ಹಳ್ಳಿಯ ಸೂಲಗಿತ್ತಿಯು ತನ್ನ ವಿದ್ಯೆಯನ್ನು ಹಿರಿಯಳೊಬ್ಬಳ ಜೊತೆಯಲ್ಲಿ ಮನೆ ಮನೆಗೆ ಹೋಗಿಯೇ ಕಲಿತಳು. ನೇಕಾರರ ಮನೆಯ ಹುಡುಗಿಯು ಕಂಡಿಕೆ ಸುತ್ತುವುದನ್ನು ತಾಯಿಯ ಪಕ್ಕದಲ್ಲಿ ಕುಳಿತೇ ಕಲಿತಳು. ಆದರೆ ಈ ಕಲಿಕೆಗೆ ಎರಡು ದೊಡ್ಡ ಕೊರತೆಗಳಿದ್ದವು. ಕಸಬು ಕುಲಕ್ಕೆ ಅಂಟಿಕೊಂಡಿದ್ದುದರಿಂದ ಒಬ್ಬರ ಕಸಬನ್ನು ಇನ್ನೊಬ್ಬರು ಕಲಿಯುವುದು ಕಷ್ಟವಾಗಿತ್ತು. ಹೆಣ್ಣಿನ ಕಲಿಕೆಗಾದರೋ ಕೂಲಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಅದು ಮನೆಗೆಲಸದ ಲೆಕ್ಕದಲ್ಲಿಯೇ ಸೇರಿಹೋಗುತ್ತಿತ್ತು.

ಮೊದಲನೆಯ ಕೊರತೆಯನ್ನು ತುಂಬುವ ಯತ್ನವೊಂದನ್ನು ನಮ್ಮ ಕರಾವಳಿಯು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಹಿಂದಿನ ಕಸಬನ್ನೂ ಆಸರೆಯನ್ನೂ ಕಳೆದುಕೊಂಡು ತಮ್ಮಲ್ಲಿಗೆ ಬಂದವರಿಗೆ ಜೀವನೋಪಾಯವನ್ನು ಕಲ್ಪಿಸಬೇಕಾಯಿತು. 1841ರಲ್ಲಿ ಮುದ್ರಣಾಲಯವೂ, ಅನಂತರ ನೇಯ್ಗೆಯ ಶಾಲೆಗಳೂ, 1865ರಲ್ಲಿ ಜೆಪ್ಪಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರ ಕೈಯಿಂದ ಹೆಂಚಿನ ಕಾರ್ಖಾನೆಯೂ ಹುಟ್ಟಿದ್ದು ಹೀಗೆ. ಅಲ್ಲಿ ಅಕ್ಷರ ಜೋಡಿಸುವುದನ್ನೂ, ಮಣ್ಣು ಹದಮಾಡುವುದನ್ನೂ, ಯಂತ್ರ ನಡೆಸುವುದನ್ನೂ ಕಲಿತವರು ಯಾವ ಕುಲಕಸಬಿನ ಹಂಗಿಲ್ಲದೆ, ಕೆಲಸದ ಮೂಲಕವೇ ಕೆಲಸಗಾರರಾದರು. ಮಂಗಳೂರು ಹೆಂಚು ಎಂಬ ಹೆಸರು ದೇಶವಿದೇಶಗಳಲ್ಲಿ ಪ್ರಸಿದ್ಧವಾದುದಕ್ಕೆ ಆ ಕೈಗಳ ಕಲಿಕೆಯೂ ಒಂದು ಕಾರಣ.

ಎರಡನೆಯ ಕೊರತೆ, ಅಂದರೆ ಹೆಣ್ಣಿನ ಕಲಿಕೆಗೆ ಹೆಸರಿಲ್ಲದಿರುವುದು, ನೀಗಿದ ಬಗೆಯನ್ನು ಇಂಗ್ಲೆಂಡಿನ ಎರಡು ಉದಾಹರಣೆಗಳಿಂದ ತಿಳಿಯಬಹುದು. 1846ರಲ್ಲಿ ಅಲ್ಲಿಯ ಸರ್ಕಾರವು ವಿದ್ಯಾರ್ಥಿ-ಶಿಕ್ಷಕರ ಪದ್ಧತಿಯನ್ನು ಜಾರಿಗೆ ತಂದಿತು. ಹದಿಮೂರು ವರ್ಷ ತುಂಬಿದ ಹುಡುಗರೂ ಹುಡುಗಿಯರೂ ಒಬ್ಬ ಮುಖ್ಯೋಪಾಧ್ಯಾಯರ ಬಳಿಯಲ್ಲಿ ಐದು ವರ್ಷಗಳ ಕರಾರಿನ ಮೇಲೆ ಪಾಠ ಹೇಳುವುದನ್ನು ಕಲಿಯುತ್ತ, ಸರ್ಕಾರದಿಂದ ಸಣ್ಣ ವೇತನವನ್ನು ಪಡೆಯುತ್ತಿದ್ದರು. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲರು ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ತೆರೆಯಿಸಿದರು. ಅಲ್ಲಿಯೂ ಕಲಿಯುವವರು ರೋಗಿಗಳ ವಾರ್ಡಿನಲ್ಲಿಯೇ ದುಡಿಯುತ್ತ ಕಲಿತರು. ಇಂದು ನಾವು ಅತ್ಯಂತ ಗೌರವದಿಂದ ಕಾಣುವ ಉಪಾಧ್ಯಾಯಿನಿಯ ವೃತ್ತಿಯೂ ದಾದಿಯ ವೃತ್ತಿಯೂ ಹೆಂಗಸರಿಗೆ ದೊರೆತುದು ಇಂಥ ಶಿಶಿಕ್ಷು ಪದ್ಧತಿಯ ಬಾಗಿಲಿನಿಂದ. ಆದಕಾರಣ, ಇದು ಗಂಡಸರ ಕಾರ್ಖಾನೆಯ ಮಾತು, ನಮ್ಮ ಹುಡುಗಿಯರಿಗೆ ಸಲ್ಲದು ಎನ್ನುವವರು ಇತಿಹಾಸವನ್ನು ಸ್ವಲ್ಪ ನೋಡಬೇಕು.

ಈಗ ನಮ್ಮ ದೇಶದ ಕಾನೂನಿಗೆ ಬರೋಣ. ಭಾರತದ ಸಂಸತ್ತು 1961ರಲ್ಲಿ ಶಿಶಿಕ್ಷು ಅಧಿನಿಯಮವನ್ನು ಮಾಡಿತು. ಮೊದಲು ಅದು ಕಾರ್ಖಾನೆಯ ಕಸಬುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರೊಳಗೆ ಸೇರಿದರು. 2014ರ ತಿದ್ದುಪಡಿಯು ಬೇರೆ ವಿಷಯಗಳ ಪದವೀಧರರಿಗೂ, ಕಾರ್ಖಾನೆಯಲ್ಲದ ಅನೇಕ ಉದ್ಯೋಗಗಳಿಗೂ ದಾರಿಮಾಡಿತು. ಈ ಕಾನೂನಿನ ಪ್ರಕಾರ ಶಿಶಿಕ್ಷುವಿಗೆ ಹದಿನಾಲ್ಕು ವರ್ಷ ತುಂಬಿರಬೇಕು. ಅಪಾಯಕರವಾದ ಉದ್ಯಮಗಳಲ್ಲಾದರೆ ಹದಿನೆಂಟು. 2019ರ ನಿಯಮಗಳಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರು ಕೆಲಸಮಾಡುವ ಪ್ರತಿಯೊಂದು ಸಂಸ್ಥೆಯೂ ತನ್ನ ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ಸೇರಿಸಿಕೊಳ್ಳಲೇಬೇಕು. ಹೀಗೆ ಸೇರಿಸಿಕೊಳ್ಳುವುದು ಯಜಮಾನನ ಔದಾರ್ಯವಲ್ಲ, ಅವನ ಕರ್ತವ್ಯ. ಕೇಳಲು ಹೋಗುವ ಹುಡುಗಿಯು ತಲೆಯೆತ್ತಿ ಕೇಳಬಹುದು.

ಹಿಂದೆ ಕಚೇರಿಗಳಲ್ಲಿ ಉಮೇದುವಾರರೆಂಬವರು ಇರುತ್ತಿದ್ದರು. ಎಂದಾದರೊಂದು ದಿನ ಹುದ್ದೆ ಸಿಕ್ಕೀತೆಂಬ ಆಸೆಯಿಂದ ಸಂಬಳವಿಲ್ಲದೆ ದುಡಿಯುತ್ತಿದ್ದ ಅವರ ಪಾಡು ಹಿರಿಯರಿಗೆ ನೆನಪಿರಬಹುದು. ಶಿಶಿಕ್ಷುವಿನ ಸ್ಥಿತಿಯು ಅಂಥದಲ್ಲ. ಯಜಮಾನನಿಗೂ ಶಿಶಿಕ್ಷುವಿಗೂ ನಡುವೆ ಲಿಖಿತವಾದ ಕರಾರುಪತ್ರವಿರಬೇಕು; ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ ಅವಳ ಪರವಾಗಿ ತಂದೆಯೋ ತಾಯಿಯೋ ಪೋಷಕರೋ ಸಹಿಮಾಡಬೇಕು; ಆ ಪತ್ರವು ಸರ್ಕಾರದ ಶಿಶಿಕ್ಷು ಸಲಹಾಧಿಕಾರಿಯ ದಾಖಲೆಯಲ್ಲಿ ಸೇರಬೇಕು. ಕಲಿಸುವ ಕೆಲಸವನ್ನು ಆ ಕಸಬಿನಲ್ಲಿ ಯೋಗ್ಯತೆಯುಳ್ಳ ಒಬ್ಬರಿಗೆ ವಹಿಸುವುದು ಯಜಮಾನನ ಹೊಣೆ. ಶಿಶಿಕ್ಷುವಿಗೆ ತಯಾರಿಸಿದ ಸಾಮಾನಿನ ಎಣಿಕೆಯ ಮೇಲೆ ಕೂಲಿ ಕೊಡುವುದನ್ನು ಕಾನೂನು ನಿಷೇಧಿಸಿದೆ. ಏಕೆಂದರೆ ಎಣಿಕೆಯ ಆಸೆ ಹುಟ್ಟಿತೆಂದರೆ ಕಲಿಕೆಯು ಹಿಂದೆ ಬೀಳುವುದು. ಕಲಿಯುವ ಕಾಲದಲ್ಲಿ ಕೆಲಸದ ನಿಮಿತ್ತ ಅವಘಡವಾದರೆ ಪರಿಹಾರ ಕೊಡುವ ಭಾರವೂ ಯಜಮಾನನದೇ.

ವೇತನದ ವಿಷಯವನ್ನು ಅಂಕಿಗಳಲ್ಲಿಯೇ ಹೇಳುವುದು ಲೇಸು. 2019ರ ನಿಯಮಗಳು ತಿಂಗಳ ಕನಿಷ್ಠ ವೇತನವನ್ನು ವಿದ್ಯಾರ್ಹತೆಗೆ ತಕ್ಕಂತೆ ಗೊತ್ತುಪಡಿಸಿದವು: ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದವರಿಗೆ 5,000 ರೂಪಾಯಿ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರಿಗೆ 6,000, ಹನ್ನೆರಡನೆಯದು ಮುಗಿಸಿದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೆಯ ವರ್ಷದಲ್ಲಿ ಇದಕ್ಕೆ ಶೇಕಡ 10 ಸೇರಬೇಕು. ಆ ಲೆಕ್ಕದಂತೆ ಹತ್ತನೆಯ ತರಗತಿ ಮುಗಿಸಿ ಎರಡು ವರ್ಷಗಳ ಶಿಶಿಕ್ಷುವಾಗಿ ಸೇರಿದ ಹುಡುಗಿಗೆ ಮೊದಲನೆಯ ವರ್ಷ 72,000, ಎರಡನೆಯ ವರ್ಷ 79,200, ಒಟ್ಟು 1,51,200 ರೂಪಾಯಿ ದೊರೆಯುವುದು. ಇದು ಸಂಸಾರವನ್ನು ಸಾಗಿಸುವ ಸಂಬಳವೇನೂ ಅಲ್ಲ. ಊರು ಬಿಟ್ಟು ಬಂದವಳಿಗೆ ವಸತಿಗೂ ಊಟಕ್ಕೂ ಇದರ ಬಹುಪಾಲು ಹೋಗಬಹುದು. ಆದರೆ ಕಲಿಯುವುದಕ್ಕಾಗಿ ಸಾಲ ಮಾಡುವುದಕ್ಕೂ, ಕಲಿಯುತ್ತ ತನ್ನ ಊಟವನ್ನು ತಾನೇ ಸಂಪಾದಿಸುವುದಕ್ಕೂ ಇರುವ ಅಂತರವನ್ನು ಬಡ ತಂದೆಗೆ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರವು ಈ ದರಗಳನ್ನು ಆಗಾಗ ಪರಿಷ್ಕರಿಸಬಹುದಾದುದರಿಂದ, ಸಹಿ ಹಾಕುವ ಮುನ್ನ ಆ ಹೊತ್ತಿನ ದರವನ್ನು ವಿಚಾರಿಸಿಕೊಳ್ಳತಕ್ಕದ್ದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರೋತ್ಸಾಹ ಯೋಜನೆಯಂತೆ ವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಗೆ ಮೀರದಂತೆ, ಕೇಂದ್ರ ಸರ್ಕಾರವೇ ವಹಿಸಿಕೊಂಡಿತು. ಆ ಪಾಲು ಶಿಶಿಕ್ಷುವಿನ ಬ್ಯಾಂಕು ಖಾತೆಗೆ ನೇರವಾಗಿ ಸೇರುವ ಏರ್ಪಾಡು ಆಗಿರುವುದರಿಂದ ಹುಡುಗಿಯ ಹೆಸರಿನಲ್ಲಿಯೇ ಖಾತೆಯೊಂದನ್ನು ತೆರೆದಿಡುವುದು ಅಗತ್ಯ.

ಯಾವ ಯಾವ ಕೆಲಸಗಳನ್ನು ಕಲಿಯಬಹುದು ಎಂದು ಕೇಳಿದರೆ, ಪಟ್ಟಿಯು ಉದ್ದವಾದುದು. ಫಿಟ್ಟರ್, ವೆಲ್ಡರ್, ಎಲೆಕ್ಟ್ರೀಷಿಯನ್, ಎಲೆಕ್ಟ್ರಾನಿಕ್ ಯಂತ್ರಗಳ ಜೋಡಣೆ, ನಕಾಶೆ ಬರೆಯುವುದು, ಕಂಪ್ಯೂಟರ್ ನಡೆಸುವುದು, ಉಡುಪುಗಳ ಹೊಲಿಗೆ, ರಾಸಾಯನಿಕ ಕಾರ್ಖಾನೆಯ ಪ್ರಯೋಗಶಾಲೆಯ ಕೆಲಸ, ಹೋಟೆಲಿನ ಪಾಕಶಾಲೆ, ಅಂಗಡಿಯ ವ್ಯವಹಾರ, ಬ್ಯಾಂಕಿನ ಕೆಲಸ, ಇವೆಲ್ಲವೂ ಅದರಲ್ಲಿ ಸೇರಿವೆ. ಹತ್ತನೆಯ ತರಗತಿಯಿಂದ ನೇರವಾಗಿ ಕೆಲವು ಕಸಬುಗಳಿಗೆ ಸೇರಬಹುದು. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ, ಅಂದರೆ ಐ.ಟಿ.ಐ.ಯಲ್ಲಿ ಒಂದೆರಡು ವರ್ಷ ಓದಿದ ಮೇಲೆ ಸೇರುವುದಾದರೆ ಕಾರ್ಖಾನೆಗಳು ಇನ್ನೂ ಸಂತೋಷದಿಂದ ಸೇರಿಸಿಕೊಳ್ಳುವುವು. ನೈಋತ್ಯ ರೈಲ್ವೆಯ ಹುಬ್ಬಳ್ಳಿ ಮತ್ತು ಮೈಸೂರಿನ ಕಾರ್ಯಾಗಾರಗಳು ಹತ್ತನೆಯ ತರಗತಿಯ ಮತ್ತು ಐ.ಟಿ.ಐ.ಯ ಅಂಕಗಳನ್ನು ನೋಡಿ ಶಿಶಿಕ್ಷುಗಳನ್ನು ಆರಿಸಿಕೊಳ್ಳುತ್ತ ಬಂದಿವೆ. ಪದವಿ ಮುಗಿಸಿದವರಿಗೂ ಅವಕಾಶವುಂಟು: 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು 2024ರಲ್ಲಿ 3,000 ಮಂದಿ ಪದವೀಧರ ಶಿಶಿಕ್ಷುಗಳಿಗಾಗಿ ಅರ್ಜಿ ಕರೆದಿತ್ತು.

ಶಿಶಿಕ್ಷು ಪದ್ಧತಿಗೆ ಹತ್ತಿರವಾದ ಇನ್ನೊಂದು ಬಗೆಯೂ ಇದೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಹತ್ತನೆಯ ತರಗತಿಯಾದವರು ಮೂರು ವರ್ಷ ಯಂತ್ರಗಳ ನಡುವೆ ಕಲಿತು, ನಾಲ್ಕನೆಯ ವರ್ಷವನ್ನು ಕಾರ್ಖಾನೆಯೊಂದರಲ್ಲಿ ಕಳೆದು ಡಿಪ್ಲೊಮಾ ಪಡೆಯುವರು. ಸ್ವಿಟ್ಜರ್ಲೆಂಡಿನ ನೆರವಿನಿಂದ 1959ರಲ್ಲಿ ತಲಚೇರಿಯ ಹತ್ತಿರದ ನೆಟ್ಟೂರಿನಲ್ಲಿ ಆರಂಭವಾಗಿ ಅನಂತರ ಬೆಂಗಳೂರಿನಲ್ಲಿ ಬೇರೂರಿದ ನೆಟ್ಟೂರು ತಾಂತ್ರಿಕ ತರಬೇತಿ ಪ್ರತಿಷ್ಠಾನವೂ ಇದೇ ಮಾದರಿಯದು. ಇಂಥ ವಿದ್ಯೆಯನ್ನು ಕಲಿತ ಕೈಗೆ ಕಾರ್ಖಾನೆಗಳಲ್ಲಿ ಬೆಲೆಯುಂಟು.

ಸ್ವಿಟ್ಜರ್ಲೆಂಡಿನ ಮಾತು ಬಂದುದರಿಂದ ಅಲ್ಲಿಯ ರೂಢಿಯನ್ನೂ ಹೇಳಬೇಕು. ಸ್ವಿಟ್ಜರ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣವನ್ನು ಮುಗಿಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೃತ್ತಿಶಿಕ್ಷಣವನ್ನೇ ಆರಿಸಿಕೊಳ್ಳುವರು. ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಸ್ಥಳದಲ್ಲಿ, ಒಂದೆರಡು ದಿನ ಶಾಲೆಯಲ್ಲಿ. ಹೀಗೆ ಕೈಯೂ ಬುದ್ಧಿಯೂ ಜೊತೆಯಾಗಿ ಬೆಳೆಯುವುವು. ಅಲ್ಲಿ ಬ್ಯಾಂಕಿನ ಗುಮಾಸ್ತೆಯೂ, ಗಡಿಯಾರ ಮಾಡುವವರೂ, ಆಸ್ಪತ್ರೆಯ ಸಹಾಯಕಿಯೂ ಇದೇ ದಾರಿಯಿಂದ ಬಂದವರಾಗಿರುವುದು ಸಾಮಾನ್ಯ. 1990ರ ದಶಕದಿಂದ ಅಲ್ಲಿ ವೃತ್ತಿ ಕಲಿತವರೇ ಹೆಚ್ಚಿನ ಪರೀಕ್ಷೆಯೊಂದನ್ನು ಕೊಟ್ಟು ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯವನ್ನು ಸೇರಲೂ ಬಾಗಿಲು ತೆರೆದಿದೆ. ಶಿಶಿಕ್ಷುವಾದವಳಿಗೆ ಓದು ಮುಗಿದೇಹೋಯಿತೆಂಬ ಭಯವು ಅಲ್ಲಿಯ ಹೆತ್ತವರಿಗಿಲ್ಲ. ನಮ್ಮಲ್ಲಿಯೂ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾಕ್ಕೂ, ಡಿಪ್ಲೊಮಾದವರು ಇಂಜಿನಿಯರಿಂಗ್ ಪದವಿಗೂ ಹೋಗಬಹುದು. 2020ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪದವಿಯ ವ್ಯಾಸಂಗದೊಳಗೇ ಶಿಶಿಕ್ಷು ತರಬೇತಿಯನ್ನು ಸೇರಿಸಿಕೊಳ್ಳಲು ಮಾರ್ಗಸೂಚಿಯನ್ನು ಹೊರಡಿಸಿತು.

ಹೀಗೆ ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದನೆಯದಾಗಿ, ಶಿಶಿಕ್ಷುವು ಕಾನೂನಿನ ಕಣ್ಣಿನಲ್ಲಿ ಕಲಿಯುವವಳೇ ಹೊರತು ಕೆಲಸಗಾರಳಲ್ಲ. ಕೆಲಸಗಾರರಿಗಿರುವ ಎಲ್ಲ ಹಕ್ಕುಗಳೂ ಅವಳಿಗೆ ಸಲ್ಲುವುದಿಲ್ಲ. ಎರಡನೆಯದಾಗಿ, ಅವಧಿ ಮುಗಿದ ಬಳಿಕ ಅವಳಿಗೆ ಅಲ್ಲಿಯೇ ಕೆಲಸ ಕೊಡಲೇಬೇಕೆಂಬ ಕಟ್ಟಳೆಯು ಸಾಮಾನ್ಯವಾಗಿ ಇಲ್ಲ. ಕೊಡುವುದಾಗಿ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಕೇಳಬಹುದು. ಮೂರನೆಯದಾಗಿ, ಕೆಲವು ಕಡೆ ಶಿಶಿಕ್ಷುವೆಂಬ ಹೆಸರಿನಲ್ಲಿ ಹುಡುಗಿಯರನ್ನು ತಂದು, ಒಂದೇ ಯಂತ್ರದ ಮುಂದೆ ಒಂದೇ ಕೆಲಸಕ್ಕೆ ನಿಲ್ಲಿಸಿ, ಅಗ್ಗದ ಕೂಲಿಯಂತೆ ದುಡಿಸಿಕೊಳ್ಳುವುದೂ ಉಂಟು. ಎರಡು ವರ್ಷ ಗುಂಡಿಯೊಂದನ್ನೇ ಹೊಲಿದವಳು ಅಂಗಿಯನ್ನು ಕತ್ತರಿಸಲು ಕಲಿಯಲಿಲ್ಲವಾದರೆ ಅದನ್ನು ಶಿಕ್ಷಣವೆನ್ನಲಾಗದು.

ಆದುದರಿಂದ ಸಹಿ ಮಾಡುವ ಮೊದಲು ಹೆತ್ತವರು ಐದು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಕರಾರುಪತ್ರವು ಸರ್ಕಾರದ ಶಿಶಿಕ್ಷು ಜಾಲತಾಣದಲ್ಲಿ ನೋಂದಣಿಯಾಗುವುದೇ, ಅದರ ಪ್ರತಿಯು ನಮ್ಮ ಕೈಗೆ ಬರುವುದೇ? ಕಲಿಸುವವರು ಯಾರು, ಯಾವ ತಿಂಗಳು ಯಾವ ಕೆಲಸವನ್ನು ಕಲಿಸುವರು? ಕೊನೆಯಲ್ಲಿ ಯಾವ ಪರೀಕ್ಷೆ, ಯಾವ ಪ್ರಮಾಣಪತ್ರ? ಕೆಲಸದ ವೇಳೆಯೇನು, ಹೊತ್ತು ಮೀರಿದರೆ ಮನೆಗೆ ಅಥವಾ ವಸತಿಗೃಹಕ್ಕೆ ತಲುಪಿಸುವ ಏರ್ಪಾಡೇನು? ನಡುವೆ ಬಿಟ್ಟರೆ ಏನಾಗುವುದು? ಈ ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಯಜಮಾನನು ಕರಾರಿಗೆ ತಪ್ಪಿದುದರಿಂದ ಅದು ಮುರಿದರೆ ಅವನು ಪರಿಹಾರ ಕೊಡಬೇಕಾದಂತೆಯೇ, ಶಿಶಿಕ್ಷುವು ತಪ್ಪಿದರೆ ಕಲಿಸಿದ ಖರ್ಚನ್ನು ಅವಳಾಗಲಿ ಪೋಷಕರಾಗಲಿ ಹಿಂದಿರುಗಿಸಬೇಕಾಗಬಹುದು. ಆದಕಾರಣ ನಡುವೆ ಮದುವೆಯ ಮಾತು ಬಂದರೆ ಅವಧಿ ಮುಗಿಯುವವರೆಗೆ ತಡೆಯುವ ನಿಶ್ಚಯವನ್ನು ಮೊದಲೇ ಮಾಡಿಕೊಂಡಿರುವುದು ಒಳ್ಳೆಯದು. ವಿವಾದ ಹುಟ್ಟಿದರೆ ಶಿಶಿಕ್ಷು ಸಲಹಾಧಿಕಾರಿಗೆ ದೂರು ಬರೆದುಕೊಡಬಹುದು. ಸೇರಿಸಿಕೊಡುವೆನೆಂದು ಮುಂಗಡ ಹಣ ಕೇಳುವ ದಲ್ಲಾಳಿಯನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಬೇಕು. ಡಿಪ್ಲೊಮಾ ಮತ್ತು ಪದವಿ ಪಡೆದವರ ವಿಷಯದಲ್ಲಿ ಚೆನ್ನೈಯಲ್ಲಿರುವ ದಕ್ಷಿಣ ವಲಯದ ಶಿಶಿಕ್ಷು ತರಬೇತಿ ಮಂಡಳಿಯು ನಮ್ಮ ರಾಜ್ಯವನ್ನೂ ನೋಡಿಕೊಳ್ಳುತ್ತದೆ.

ತಾಯಂದಿರ ಮನಸ್ಸಿನಲ್ಲಿರುವ ಎಲ್ಲಕ್ಕಿಂತ ದೊಡ್ಡ ಅಂಜಿಕೆಯು ವೇತನದ್ದಲ್ಲ, ಮಾನದ್ದು. ಅಪರಿಚಿತರಾದ ಗಂಡಸರ ನಡುವೆ ಮಗಳು ಹೇಗಿರುವಳೋ ಎಂಬ ಅಳುಕನ್ನು ಹಗುರವಾಗಿ ಕಾಣಲಾಗದು. ಈ ವಿಷಯದಲ್ಲಿ 2013ರ ಕಾನೂನೊಂದನ್ನು ಪ್ರತಿಯೊಬ್ಬ ತಾಯಿಯೂ ಅರಿತಿರಬೇಕು. ಕೆಲಸದ ಸ್ಥಳದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯುವ ಆ ಕಾನೂನು ಶಿಶಿಕ್ಷುಗಳನ್ನೂ ಸ್ಪಷ್ಟವಾಗಿ ಹೆಸರಿಸಿ ತನ್ನ ರಕ್ಷಣೆಯೊಳಗೆ ತಂದಿದೆ. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಆಂತರಿಕ ಸಮಿತಿಯಿರಬೇಕು, ಅದರ ಅಧ್ಯಕ್ಷತೆಯನ್ನು ಹೆಂಗಸೇ ವಹಿಸಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಮಗಳನ್ನು ಸೇರಿಸಲು ಹೋದ ದಿನವೇ ಆ ಸಮಿತಿಯ ಸದಸ್ಯರು ಯಾರೆಂದು ಕೇಳಿ ಹೆಸರುಗಳನ್ನು ಬರೆದುಕೊಳ್ಳಿರಿ. ಉತ್ತರ ಹೇಳಲು ತಡವರಿಸುವ ಸ್ಥಳದ ವಿಷಯದಲ್ಲಿ ಮತ್ತೊಮ್ಮೆ ಯೋಚಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅಹಿತವಾದ ಮಾತೊಂದು ನಡೆದರೆ ಮನೆಗೆ ಬಂದು ಹೇಳುವ ಧೈರ್ಯವು ಮಗಳಿಗಿರಬೇಕು. ಹೇಳಿದರೆ ಕೆಲಸ ಬಿಡಿಸಿ ಮನೆಯಲ್ಲಿ ಕೂಡಿಹಾಕುವರೆಂಬ ಭಯವಿದ್ದರೆ ಅವಳು ಹೇಳಲಾರಳು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವೆಲ್ಲರೂ ಮಕ್ಕಳಿಗೆ ಕಲಿಸುವೆವು. ಆದರೂ ಓದಿದ ಮಗಳ ಕೈಗೆ ಯಂತ್ರದ ಎಣ್ಣೆ ಹತ್ತಿದರೆ ನೆರೆಹೊರೆಯವರು ಏನೆನ್ನುವರೋ ಎಂದು ಹಿಂಜರಿಯುವೆವು. ಪದವಿಯೊಂದನ್ನು ಗೋಡೆಗೆ ತೂಗುಹಾಕಿ ಕೆಲಸಕ್ಕಾಗಿ ವರ್ಷಗಟ್ಟಲೆ ಕಾಯುವ ತರುಣಿಯರು ನಮ್ಮ ಬೀದಿಗಳಲ್ಲಿಯೇ ಇರುವರು. ಓದಿನಲ್ಲಿ ನಿಜವಾದ ಒಲವುಳ್ಳವಳು ಕಾಲೇಜಿಗೆ ಹೋಗಲಿ. ಅವಳನ್ನು ಕಸಬಿಗೆ ತಳ್ಳುವುದು ತಪ್ಪು. ಆದರೆ ಕೈಯಿಂದ ಮಾಡಿ ನೋಡಿದರೆ ಮಾತ್ರ ತಿಳಿಯುವ ಬುದ್ಧಿಯೂ ಬುದ್ಧಿಯೇ. ಗಣಿತದ ಪುಸ್ತಕವನ್ನು ಕಂಡು ಬೆದರಿದ ಹುಡುಗಿಯು ಅಳತೆಯ ಉಪಕರಣವನ್ನು ಹಿಡಿದು ಕೂದಲೆಳೆಯಷ್ಟು ವ್ಯತ್ಯಾಸವನ್ನು ಗುರುತಿಸಬಲ್ಲಳು. ಅಂಥವಳನ್ನು ದಡ್ಡಿಯೆಂದು ಮೂಲೆಗೆ ಕೂರಿಸುವುದರಿಂದ ಅವಳಿಗೂ ನಷ್ಟ, ಮನೆಗೂ ನಷ್ಟ.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಬಿನ್ನಹ. ನಿಮ್ಮಲ್ಲಿ ಅನೇಕರು ಆಸ್ಪತ್ರೆ, ಬ್ಯಾಂಕು, ಮುದ್ರಣಾಲಯ, ಕಾರ್ಖಾನೆ, ಕಚೇರಿಗಳಲ್ಲಿ ಜವಾಬ್ದಾರಿಯ ಸ್ಥಾನದಲ್ಲಿರುವಿರಿ. ಕೆಲವರು ಸ್ವಂತ ಉದ್ಯಮವನ್ನೇ ನಡೆಸುತ್ತಿರುವಿರಿ. ನಿಮ್ಮ ಸಂಸ್ಥೆಯು ಕಾನೂನಿನಂತೆ ಶಿಶಿಕ್ಷುಗಳನ್ನು ಸೇರಿಸಿಕೊಳ್ಳುತ್ತಿದೆಯೇ, ಅವರಲ್ಲಿ ಹುಡುಗಿಯರೆಷ್ಟು ಮಂದಿ ಎಂದು ಒಮ್ಮೆ ವಿಚಾರಿಸಿರಿ. ಅರ್ಜಿ ಕರೆದ ಸುದ್ದಿಯು ಬಂದೊಡನೆ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಸಾಲು ಬರೆದು ತಿಳಿಸಿರಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಿಮ್ಮ ಕಣ್ಣಿಗೆ ಬಿದ್ದರೆ ಮೊದಲ ವಾರದಲ್ಲಿ ಅವಳ ಬಳಿ ನಿಂತು, ಊಟವಾಯಿತೇ ಎಂದು ಕೇಳಿರಿ. ಕಾನೂನು ಅವಳಿಗೆ ಜಾಗವನ್ನು ಕೊಡಬಲ್ಲದು. ಆ ಜಾಗದಲ್ಲಿ ನಿಲ್ಲುವ ಧೈರ್ಯವನ್ನು ಮುಂದೆ ನಡೆದ ಅಕ್ಕಂದಿರು ಕೊಡಬೇಕು.